ವೆನ್ಲಾಕ್ ಗೇಟಿನ ಎದುರು ನಿಂತು ಏನು ಹೇಳಲಿ?

ಪ್ರಶ್ನೆ: ಹಂಪನಕಟ್ಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ನಾವು ಐದಾರು ಗೆಳೆಯರು ಸೇರಿ ತಿಂಗಳಿಗೊಂದು ಭಾನುವಾರ ಊರಿನ ಹಳೆಯ ಜಾಗಗಳನ್ನು ತೋರಿಸುವ ನಡಿಗೆ ಶುರು ಮಾಡಿದ್ದೇವೆ. ಬೆಳಿಗ್ಗೆ ಆರೂವರೆಗೆ ಮಿಲಾಗ್ರಿಸ್ ಚರ್ಚಿನಿಂದ ಹೊರಟು ಹಂಪನಕಟ್ಟೆ, ಬಾವುಟಗುಡ್ಡೆ, ಅಲೋಶಿಯಸ್ ಚಾಪೆಲ್, ಲೈಟ್‌ಹೌಸ್ ಹಿಲ್ ಸುತ್ತಿ ಬಲ್ಮಠದಲ್ಲಿ ಮುಗಿಸುತ್ತೇವೆ.

ಉಳಿದ ಕಡೆಯೆಲ್ಲ ಹೇಳುವುದಕ್ಕೆ ಬೇಕಾದಷ್ಟಿದೆ. ಮಿಲಾಗ್ರಿಸ್ 1680ರಷ್ಟು ಹಿಂದಿನದು. ಬಾವುಟಗುಡ್ಡೆಯಲ್ಲಿ 1837ರಲ್ಲಿ ಕಂಪನಿಯ ಧ್ವಜ ಇಳಿಸಿ ಹದಿಮೂರು ದಿನ ಊರನ್ನು ಕೈಯಲ್ಲಿಟ್ಟುಕೊಂಡ ಅಮರ ಸುಳ್ಯದ ರೈತರ ಕತೆ ಇದೆ. ಚಾಪೆಲ್‌ನಲ್ಲಿ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಗೋಡೆ, ಸೂರು ತುಂಬ ಬರೆದ ಚಿತ್ರಗಳಿವೆ. ಅಲ್ಲಿ ನಾನು ಬಾಯಿ ತೆರೆಯಬೇಕಾಗಿಯೇ ಇಲ್ಲ, ಜನ ತಲೆ ಎತ್ತಿದವರು ಇಳಿಸುವುದಿಲ್ಲ. ಬಲ್ಮಠದಲ್ಲಿ ಬಾಸೆಲ್ ಮಿಷನ್, 1843ರ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', ಅದನ್ನು ಹೊರತಂದ ಮೊಗ್ಲಿಂಗ್, ನಿಘಂಟಿನ ಕಿಟೆಲ್.

ಇವುಗಳ ನಡುವೆ ವೆನ್ಲಾಕ್ ಆಸ್ಪತ್ರೆ. ಅಲ್ಲಿಗೆ ಬಂದಾಗ "ಗವರ್ನರ್ ವೆನ್ಲಾಕ್ 1848ರಲ್ಲಿ ಕಟ್ಟಿಸಿದ್ದು" ಎಂದು ಒಂದೇ ವಾಕ್ಯ ಹೇಳಿ ಮುಂದೆ ಹೋಗುತ್ತೇನೆ. ತೋರಿಸೋಣವೆಂದರೆ ಚಂದದ ಕಮಾನು ಇಲ್ಲ, ಗೋಪುರ ಇಲ್ಲ. ಒಂದು ಕಾಲದ ಕಟ್ಟಡಕ್ಕೆ ಇನ್ನೊಂದು ಕಾಲದ್ದು ಅಂಟಿಕೊಂಡಿದೆ, ಗೇಟಿನಲ್ಲಿ ಆಂಬುಲೆನ್ಸು, ರಿಕ್ಷಾ, ಎಳನೀರಿನ ಗಾಡಿ.

ಕಳೆದ ತಿಂಗಳು ನಮ್ಮ ಜೊತೆ ಬಂದಿದ್ದ ಒಬ್ಬರು ಹಿರಿಯರು ಅಲ್ಲಿ ನಿಂತರು. "2010ರಲ್ಲಿ ವಿಮಾನ ಬಿದ್ದಾಗ ಎರಡು ದಿನ ಈ ಗೇಟಿನಲ್ಲೇ ಇದ್ದೆ" ಅಂದರು. ಅಷ್ಟೇ. ಮತ್ತೆ ಬಲ್ಮಠದವರೆಗೆ ಅವರು ಮಾತಾಡಲಿಲ್ಲ, ನಮಗೂ ಏನು ಹೇಳಬೇಕೆಂದು ತೋಚಲಿಲ್ಲ. ನಾನಾಗ ಒಂದನೇ ಕ್ಲಾಸು. ಟಿವಿಯಲ್ಲಿ ಹೊಗೆ ಕಂಡದ್ದು ಮಾತ್ರ ನೆನಪು.

ಈಗ ನಮ್ಮೊಳಗೇ ಜಗಳ. ವೆನ್ಲಾಕ್‌ನಲ್ಲಿ ಆ ದುರಂತದ ವಿಷಯ ಹೇಳಬೇಕು ಎಂದು ನಾನು. ಅದು ಪರಂಪರೆ ಅಲ್ಲ, ದುಃಖ, ಅದನ್ನು ನಡಿಗೆಯಲ್ಲಿ ಸೇರಿಸಬಾರದು ಎಂದು ಇಬ್ಬರು. ಆಸ್ಪತ್ರೆಯ ಇತಿಹಾಸ ತಿಳಿದವರು, ಆ ದಿನ ಅಲ್ಲಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ 1: ಹಳೇ ನಕ್ಷೆ

ಮೊದಲು ಒಂದು ತಿದ್ದುಪಡಿ. ಆ ಒಂದೇ ವಾಕ್ಯವೂ ತಪ್ಪು. ಆಸ್ಪತ್ರೆ ಶುರುವಾದದ್ದು 1848ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. ಲಾರ್ಡ್ ವೆನ್ಲಾಕ್ ಮದರಾಸಿನ ಗವರ್ನರ್ ಆಗಿದ್ದು 1891ರಿಂದ 1896ರವರೆಗೆ. ಆತ ಬರುವ ಹೊತ್ತಿಗೆ ಇಲ್ಲಿ ರೋಗಿಗಳು ಮಲಗತೊಡಗಿ ನಲವತ್ತು ವರ್ಷ ದಾಟಿತ್ತು. ಊಟಿಯ ಹುಲ್ಲುಗಾವಲಿಗೂ ಅವನದೇ ಹೆಸರಿದೆ, ವೆನ್ಲಾಕ್ ಡೌನ್ಸ್. ಲೇಡಿಗೋಷನ್ ಹೆರಿಗೆ ಆಸ್ಪತ್ರೆಯ ಹೆಸರೂ ಹಾಗೆಯೇ: 1924ರಿಂದ 1929ರವರೆಗೆ ಗವರ್ನರ್ ಆಗಿದ್ದ ಗೋಷನ್‌ನ ಹೆಂಡತಿಯದು. ನಮ್ಮ ಊರಿನ ಅರ್ಧ ಜನ ಹುಟ್ಟಿದ್ದು ಒಬ್ಬ ಗವರ್ನರನ ಹೆಂಡತಿಯ ಹೆಸರಿನ ಆಸ್ಪತ್ರೆಯಲ್ಲಿ, ಕಾಯಿಲೆ ಬಿದ್ದದ್ದು ಇನ್ನೊಬ್ಬ ಗವರ್ನರನ ಹೆಸರಿನ ಆಸ್ಪತ್ರೆಯಲ್ಲಿ. ಯಾಕೆ ಮದರಾಸಿನ ಗವರ್ನರ್ ಎಂದು ನಿಮ್ಮ ಜೊತೆ ಬಂದ ಮಕ್ಕಳು ಕೇಳಿದರೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಮದರಾಸಿಗೆ ಸೇರಿತು, ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು ಎಂದು ಹೇಳಿ.

ನನ್ನ ಮಟ್ಟಿಗೆ ಇಲ್ಲಿ ತೋರಿಸಬೇಕಾದ ಪರಂಪರೆ ಕಟ್ಟಡ ಅಲ್ಲ, ಜಿಲ್ಲೆ. ಇದು ಕುಂದಾಪುರದಿಂದ ಕಾಸರಗೋಡಿನವರೆಗೆ ಹಬ್ಬಿದ್ದ ಹಳೆಯ ದಕ್ಷಿಣ ಕನ್ನಡದ ಜಿಲ್ಲಾಸ್ಪತ್ರೆ. ಅರಬ್ಬೀ ಸಮುದ್ರದ ನಡುವಿನ ಅಮೀನ್‌ದೀವಿ ದ್ವೀಪಗಳೂ ಆಗ ಇದೇ ಜಿಲ್ಲೆ. ರಾಜ್ಯಗಳು ಭಾಗವಾದವು, ಕಾಸರಗೋಡು ಕೇರಳಕ್ಕೆ ಹೋಯಿತು, ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಆದರೆ ಕಾಯಿಲೆಯಾದವರು ಇಂದಿಗೂ ಬರುವುದು ಆ ಹಳೆಯ ನಕ್ಷೆಯ ದಾರಿಯಲ್ಲೇ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಅದು ಎಷ್ಟು ದೊಡ್ಡ ಸಂಗತಿ ಎಂದು ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು: 1955ರಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮಕ್ಕಳು ಕಲಿಯುತ್ತಿರುವುದು ಇಲ್ಲಿಯ ಮಂಚಗಳ ಪಕ್ಕದಲ್ಲಿ. ಖಾಸಗಿ ಕಾಲೇಜು, ಸರ್ಕಾರಿ ಆಸ್ಪತ್ರೆ, ಕಾಲೇಜು ಕಟ್ಟಿದ ಟಿ.ಎಂ.ಎ. ಪೈ ಅವರ ಕಾಲದಲ್ಲಿ ಆದ ಏರ್ಪಾಡು. ದುರಂತದ ಬಗ್ಗೆ ನಾನು ಹೇಳಲಾರೆ, ಆ ವಾರ ನಾನು ಊರಿನಲ್ಲಿರಲಿಲ್ಲ.

ಉತ್ತರ 2: ಜೆಪ್ಪು ಸಿಸ್ಟರ್

ತಮ್ಮಾ, ನಿನ್ನ ಪ್ರಶ್ನೆ ನನ್ನ ಮಗಳು ಮೊಬೈಲಿನಲ್ಲಿ ತೋರಿಸಿದಳು. ಎರಡು ದಿನ ಬರೆಯಬೇಕಾ ಬೇಡವಾ ಎಂದು ಇದ್ದೆ. ನಾನು ವೆನ್ಲಾಕಿನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಿ ಆದವಳು. ಉದ್ದ ಆದರೆ ಕ್ಷಮಿಸು.

ನಾನು ಜೆಪ್ಪುವಿನವಳು. ನನ್ನ ಅಜ್ಜ ಹಂಚಿನ ಕಾರ್ಖಾನೆಯವರು. 1865ರಲ್ಲಿ ಪ್ಲೆಬ್ಸ್ಟ್ ಶುರು ಮಾಡಿದ ಬಾಸೆಲ್ ಮಿಷನಿನ ಕಾರ್ಖಾನೆ. ಅಜ್ಜ ಸೇರುವಾಗ ಮೊದಲನೇ ಮಹಾಯುದ್ಧ ಕಳೆದಿತ್ತು, ಜರ್ಮನಿಯವರದ್ದು ಎಂದು ಅದನ್ನು ಬ್ರಿಟಿಷರು ತೆಗೆದುಕೊಂಡು 'ಕಾಮನ್‌ವೆಲ್ತ್' ಎಂದು ಹೆಸರಾಗಿತ್ತು. ಆದರೂ ನಮ್ಮ ಮನೆಯಲ್ಲಿ ಕೊನೆಯವರೆಗೂ 'ಮಿಷನ್ ಕಾರ್ಖಾನೆ' ಎಂದೇ ಹೇಳುವುದು. ಅಜ್ಜ ಕೆಲಸ ಬಿಟ್ಟ ಮೇಲೆ ಮನೆಗಳಿಗೆ ಹಂಚು ಹೊದಿಸಲಿಕ್ಕೆ ಹೋಗುತ್ತಿದ್ದರು. ಒಂದು ಮಳೆಗಾಲದ ಮೊದಲು ಮಾಡಿನಿಂದ ಜಾರಿ ಬಿದ್ದು ಕಾಲು ಮುರಿಯಿತು. ವೆನ್ಲಾಕಿಗೆ ತಂದರು. ಮೂರು ತಿಂಗಳು ಅಲ್ಲಿ. ಆಗ ನನಗೆ ಒಂಬತ್ತು ವರ್ಷ. ಅಮ್ಮನ ಕೈ ಹಿಡಿದು ಗಂಜಿ, ಚಟ್ನಿ ತೆಗೆದುಕೊಂಡು ನಡೆದುಕೊಂಡು ಬರುತ್ತಿದ್ದೆ. ಅಜ್ಜನ ಈಚೆ ಮಂಚದಲ್ಲಿ ಕುಂಬ್ಳೆಯ ಒಬ್ಬ ಮೀನುಗಾರ, ಆಚೆ ಮಂಚದಲ್ಲಿ ಮೂಡುಬಿದಿರೆಯ ಒಬ್ಬ ಶೆಟ್ರು. ಮೂವರಿಗೂ ಒಂದೇ ಪಾತ್ರೆಯಿಂದ ಚಹಾ. ನಾನು ನರ್ಸ್ ಆಗಬೇಕು ಎಂದು ಹೊರಟದ್ದು ಅಲ್ಲಿಂದ. ಹಾಗಾಗಿ ಮೇಲಿನವರು ಹಳೆಯ ನಕ್ಷೆ ಎಂದು ಬರೆದದ್ದು ಓದುವಾಗ ನನಗೆ ಆ ಮೂರು ಮಂಚ ಕಂಡಿತು.

ಇನ್ನು ಆ ದಿನ. 2010 ಮೇ 22, ಶನಿವಾರ. ಬೇಷ ತಿಂಗಳ ಸೆಕೆ, ರಾತ್ರಿಯಿಡೀ ಫ್ಯಾನಿನ ಗಾಳಿಯೂ ಬಿಸಿ. ನನ್ನ ನೈಟ್ ಡ್ಯೂಟಿ ಮುಗಿಯುವ ಹೊತ್ತು. ಆರೂವರೆ ಆಗಿರಬೇಕು, ಕ್ಯಾಶುವಾಲಿಟಿಯಿಂದ ಅಟೆಂಡರ್ ಓಡಿ ಬಂದ. ಬಜ್ಪೆಯಲ್ಲಿ ವಿಮಾನ ಬಿದ್ದಿದೆ, ದುಬೈಯಿಂದ ಬಂದದ್ದು, ಮಂಚ ಖಾಲಿ ಮಾಡಿ ಎಂದ. ಯಾರೂ ಮನೆಗೆ ಹೋಗಲಿಲ್ಲ. ಯಾರೂ ಹೋಗಬೇಡಿ ಎಂದು ಹೇಳಲೂ ಇಲ್ಲ. ನಡೆಯಬಲ್ಲ ರೋಗಿಗಳು ಅವರಾಗಿಯೇ ಎದ್ದು, ತಮ್ಮ ಚೀಲ, ಫ್ಲಾಸ್ಕು ಹಿಡಿದುಕೊಂಡು ವರಾಂಡಕ್ಕೆ ಹೋಗಿ ಚಾಪೆ ಹಾಸಿದರು. ಒಂದು ಅಜ್ಜಿ ಹೊಟ್ಟೆಯ ಆಪರೇಶನ್ ಆಗಿ ಮೂರನೇ ದಿನ, ಅವರೂ ಎದ್ದರು. ಬೇಡ ಅಜ್ಜಿ ಎಂದರೂ ಕೇಳಲಿಲ್ಲ. ನಾವು ಹೊಸ ಬಟ್ಟೆ ಹಾಸಿದೆವು. ಗ್ಲೂಕೋಸ್ ಬಾಟ್ಲಿ ಏರಿಸಿ, ಸುಟ್ಟ ಗಾಯದ ಮುಲಾಮು, ಬ್ಯಾಂಡೇಜು ಎಲ್ಲ ತಟ್ಟೆಯಲ್ಲಿಟ್ಟು ಬಾಗಿಲು ನೋಡಿಕೊಂಡು ನಿಂತೆವು. ಪಾಠಕ್ಕೆ ಬರುವ ಹೌಸ್ ಸರ್ಜನ್ ಮಕ್ಕಳೂ ಇದ್ದರು, ಕೈಗೆ ಗ್ಲೌಸ್ ಹಾಕಿಕೊಂಡು, ಮಾತಿಲ್ಲದೆ.

ಆ ಮಂಚಗಳಿಗೆ ಜನ ಬರಲಿಲ್ಲ, ತಮ್ಮಾ. ವಿಮಾನದಲ್ಲಿ 166 ಜನ. ಬದುಕಿದ್ದು ಎಂಟು. ಮಧ್ಯಾಹ್ನದ ಹೊತ್ತಿಗೆ ನಾನು ಹಾಸಿದ ಬಟ್ಟೆಯನ್ನು ನಾನೇ ಎತ್ತಿ, ಮಡಚಿ, ಶವಾಗಾರದ ಕಡೆಗೆ ಕೊಟ್ಟೆ. ಅಲ್ಲಿ ಬಟ್ಟೆ ಸಾಲುತ್ತಿರಲಿಲ್ಲ.

ಮತ್ತೆ ಸಂಬಂಧಿಕರು. ಭಟ್ಕಳದವರು, ಉಡುಪಿಯವರು, ಪುತ್ತೂರು ಬಂಟ್ವಾಳದವರು, ಕಾಸರಗೋಡು ಕಾಞಂಗಾಡಿನವರು. ಏರ್‌ಪೋರ್ಟಿಗೆ ಕರೆದುಕೊಂಡು ಬರಲಿಕ್ಕೆ ಎಂದು ಹೋದವರು ಅದೇ ಕಾರಿನಲ್ಲಿ ಇಲ್ಲಿಗೆ ಬಂದಿದ್ದರು, ಮಕ್ಕಳಿಗೆ ಹೊಸ ಅಂಗಿ ಹಾಕಿಸಿಕೊಂಡು. ನನಗೆ ಒಂದು ಮೇಜು, ಕುರ್ಚಿ, ಕಾಗದ ಕೊಟ್ಟು ಹೊರಗೆ ಕೂರಿಸಿದರು. ತುಳು, ಕನ್ನಡ, ಕೊಂಕಣಿ ಬರುತ್ತದೆ, ಬ್ಯಾರಿ ಮಾತು ಮಲಯಾಳವೂ ಹೇಗೋ ನಡೆಯುತ್ತದೆ ಎಂದು. ಕೇಳುವುದು, ಬರೆಯುವುದು. ಎಷ್ಟು ಎತ್ತರ, ಉಂಗುರ ಉಂಟಾ, ಯಾವ ಬೆರಳು, ಹಲ್ಲು ಕಟ್ಟಿಸಿದ್ದಾರಾ, ಹಿಂದೆ ಎಲುಬು ಮುರಿದಿತ್ತಾ, ಬೆಲ್ಟಿನ ಕೊಂಡಿ ಹೇಗಿತ್ತು, ಕರಿಮಣಿ ಎಷ್ಟು ಎಳೆಯದು. ಒಬ್ಬರು ತಾಯಿ ಬಂದು ಹೇಳಿದರು, ಮಗನ ಅಂಗಿಯ ಮೂರನೇ ಗುಂಡಿ ಬಿದ್ದಿತ್ತು, ಹೋಗುವ ದಿನ ಬಿಳಿ ನೂಲು ಸಿಗದೆ ನೀಲಿ ನೂಲಿನಲ್ಲಿ ಹೊಲಿದಿದ್ದೆ, ಅದನ್ನು ನೋಡಿ ಎಂದು. ಹೋದದ್ದು ಎರಡು ವರ್ಷದ ಹಿಂದೆ. ಅದೇ ಅಂಗಿ ಹಾಕಿಕೊಂಡು ಬಂದಿರುತ್ತಾನೆ ಎಂದು ಆ ತಾಯಿಗೆ ಎಷ್ಟು ನಂಬಿಕೆ! ನಾನು ಬರೆದುಕೊಂಡೆ. 'ಮೂರನೇ ಗುಂಡಿ, ನೀಲಿ ನೂಲು.' ಅಂಗಿ ಎಂದು ಉಳಿದಿರಲಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಪೂರ್ತಿ ಬರೆದು, ಅವರಿಗೆ ಓದಿ ಹೇಳಿದೆ.

ರಕ್ತ ತೆಗೆಯುವ ಕೆಲಸ ಬಂದದ್ದು ಅನಂತರ. ನೋಡಿ ಗುರುತು ಹಿಡಿಯಲಿಕ್ಕೆ ಆಗದವರಿಗೆ ಡಿಎನ್‌ಎ ಪರೀಕ್ಷೆ, ಹೈದರಾಬಾದಿಗೆ ಕಳಿಸುವುದು. ಅದರ ಲೆಕ್ಕ ನಮಗೂ ಅಲ್ಲೇ ಸರಿಯಾಗಿ ಗೊತ್ತಾದದ್ದು: ಅಪ್ಪ, ಅಮ್ಮ, ಇಲ್ಲದಿದ್ದರೆ ಮಕ್ಕಳು. ಅವರ ರಕ್ತದಲ್ಲಿ ಅರ್ಧ ಗುರುತು ಇರುತ್ತದೆ. ಹೆಂಡತಿಯ ರಕ್ತ ಆಗುವುದಿಲ್ಲ. ಒಬ್ಬ ಹೆಂಗಸು ತೋಳು ಮೇಲೆ ಮಾಡಿ ಕೈ ಚಾಚಿ ನನ್ನ ಎದುರು ಕೂತಿದ್ದಳು. ನಾನು ಮೆಲ್ಲ ಹೇಳಿದೆ, ನಿಮ್ಮದು ಬೇಡಮ್ಮ, ಅತ್ತೆ ಮಾವ ಇದ್ದಾರಾ, ಮಕ್ಕಳು ಬಂದಿದ್ದಾರಾ. ಅವಳು ಕೈ ತೆಗೆಯಲಿಲ್ಲ. "ಹದಿನಾರು ವರ್ಷ ಆಯ್ತು ಸಿಸ್ಟರ್, ನನ್ನ ರಕ್ತ ಅವರಿಗೆ ಆಗ್ಲಿಕ್ಕಿಲ್ವಾ?" ಎಂದು ಕೇಳಿದಳು. ಅಷ್ಟು ವರ್ಷ ಸರ್ವೀಸಿನಲ್ಲಿ ಎಷ್ಟೋ ಜನರಿಗೆ ಎಷ್ಟೋ ಕೆಟ್ಟ ಸುದ್ದಿ ಹೇಳಿದ್ದೇನೆ. ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಮಾತಿರಲಿಲ್ಲ. ಆಮೇಲೆ ಅವಳ ಮಗಳು ಮುಂದೆ ಬಂದಳು. ಹತ್ತೋ ಹನ್ನೊಂದೋ ವರ್ಷ. ಸೂಜಿ ಚುಚ್ಚುವಾಗ ಅವಳು ಮುಖ ತಿರುಗಿಸಲಿಲ್ಲ, ಟ್ಯೂಬು ತುಂಬುವುದನ್ನೇ ನೋಡುತ್ತಿದ್ದಳು.

ಆ ದಿನಗಳಲ್ಲಿ ಶವಾಗಾರದಲ್ಲಿ ಕೆಲಸ ಮಾಡಿದ ಡಾಕ್ಟರುಗಳು, ಅಟೆಂಡರುಗಳು, ಗುಡಿಸುವವರು, ಇವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ರಿಕ್ಷಾದವರು ಬಾಡಿಗೆ ತೆಗೆದುಕೊಳ್ಳಲಿಲ್ಲ. ಯಾರೋ ಹುಡುಗರು ಗೇಟಿನಲ್ಲಿ ನಿಂತು ಎಲ್ಲರಿಗೂ ನೀರು, ಚಹಾ ಕೊಡುತ್ತಿದ್ದರು; ಯಾವ ಸಂಘ, ಯಾವ ಜಾತಿ ಎಂದು ಆ ದಿನ ಯಾರೂ ಕೇಳಲಿಲ್ಲ. ಮನೆಗೆ ಹೋದ ಮೇಲೆ ನಾನು ಒಂದು ತಿಂಗಳು ಬಚ್ಚಲಿನ ಒಲೆಗೆ ಬೆಂಕಿ ಹಾಕಲಿಲ್ಲ. ತೆಂಗಿನ ಸಿಪ್ಪೆ ಸುಡುವ ವಾಸನೆ ಬಂದರೆ ಆಗುತ್ತಿರಲಿಲ್ಲ. ತಣ್ಣೀರಿನಲ್ಲೇ ಸ್ನಾನ.

ನಿನ್ನ ಗೆಳೆಯರಿಗೆ ಹೇಳು, ಇದೂ ಪರಂಪರೆಯೇ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆಲದ ಮರದ ಅಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಟ್ಟದ್ದನ್ನು, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಹತ್ತು ವರ್ಷದಲ್ಲಿ ಜಾಗ ಮಾಡಿದ್ದನ್ನು ನೀವು ಹೆಮ್ಮೆಯಿಂದ ಹೇಳುತ್ತೀರಲ್ಲ? ಅದು ಹೇಗೆ ಪರಂಪರೆಯೋ, ಆಪರೇಶನ್ ಆದ ಅಜ್ಜಿ ಎದ್ದು ಮಂಚ ಬಿಟ್ಟುಕೊಟ್ಟದ್ದೂ ಹಾಗೆಯೇ. ಗವರ್ನರ್ ಯಾರು ಎಂದು ಆ ಅಜ್ಜಿಗೆ ಗೊತ್ತಿರಲಿಲ್ಲ. ಇದು ಎಲ್ಲರ ಆಸ್ಪತ್ರೆ ಎಂದು ಗೊತ್ತಿತ್ತು.

ನಿಮ್ಮವರನ್ನು ಗೇಟಿನ ಎದುರು ಐದು ನಿಮಿಷ ನಿಲ್ಲಿಸಿ. ಹೇಳಿ.

ಉತ್ತರ 3: ಕೆಂಜಾರಿನಿಂದ

ಸಿಸ್ಟರ್ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ವಿಮಾನ ಬಿದ್ದ ಕಣಿವೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಮೊದಲು ಓಡಿದವರು ಊರವರು. ದಾರಿ ಕಿರಿದು, ಇಳಿಜಾರು, ಕೆಳಗೆ ಪೂರ್ತಿ ಬೆಂಕಿ.

ಹೇಳುವಾಗ ಒಂದು ತಪ್ಪಾಗದ ಹಾಗೆ ನೋಡಿಕೊಳ್ಳಿ. ಗುಡ್ಡದ ಮೇಲಿನ ರನ್‌ವೇ ಆದ್ದರಿಂದ ಬಿತ್ತು ಎಂದಷ್ಟೇ ತುಂಬಾ ಜನ ಹೇಳುತ್ತಾರೆ. ರನ್‌ವೇ ಎಂಟು ಸಾವಿರ ಅಡಿ ಉದ್ದ ಇತ್ತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬಂದು ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಹೇಳಿದ್ದೂ ದಾಖಲಾಗಿದೆ. ಗೋಖಲೆಯವರ ತನಿಖಾ ಸಮಿತಿ ನೇರ ಕಾರಣ ಎಂದು ಹೇಳಿದ್ದು ಆ ಮಾತು ಕೇಳದೆ ಇಳಿಸಿದ್ದನ್ನೇ. ರನ್‌ವೇ ತುದಿಯ ಆಚೆ ಆಂಟೆನಾದ ಕಾಂಕ್ರೀಟು ಕಟ್ಟೆಗೆ ರೆಕ್ಕೆ ಬಡಿದು ಕೆಳಗೆ ಹೋಯಿತು. ಗುಡ್ಡದ ಮೇಲೆ ತಪ್ಪಿಗೆ ಜಾಗ ಕಡಿಮೆ, ಅದು ನಿಜ. ಆದರೆ ಗುಡ್ಡದ ತಪ್ಪಲ್ಲ.

ಉತ್ತರ 4: ಚಂದ್ರಗಿರಿ ದಾಟಿ

ಸಿಸ್ಟರ್, ನಿಮಗೆ ನನ್ನ ಸಲಾಂ. ನೀವು ಕೂತಿದ್ದ ಆ ಮೇಜಿಗೆ ನಾನೂ ಬಂದಿರಬಹುದು.

ನನ್ನ ಅಣ್ಣ ಆ ವಿಮಾನದಲ್ಲಿದ್ದ. ನಮ್ಮದು ಕಾಸರಗೋಡು. ಅವನ ಗುರುತು ಹಿಡಿದದ್ದು ನಾನೇ, ನನ್ನ ಎರಡು ಕಣ್ಣಿನಿಂದ. ಬೆಲ್ಟಿನ ಕೊಂಡಿ ನೋಡಿ, ಎತ್ತರ ನೋಡಿ, ಇದೇ ಎಂದೆ. ಸಹಿ ಹಾಕಿದೆ. ಅದೇ ರಾತ್ರಿ ಊರಿಗೆ ತಂದು ದಫನ ಮಾಡಿದೆವು.

ಆಮೇಲೆ ಪೇಪರಿನಲ್ಲಿ ಬಂತು. 158ರಲ್ಲಿ 136 ಜನರನ್ನು ಮನೆಯವರು ನೋಡಿ ಗುರುತಿಸಿ ತೆಗೆದುಕೊಂಡು ಹೋಗಿದ್ದರು. ಉಳಿದದ್ದು 22. ಅವುಗಳ ಡಿಎನ್‌ಎ ಪರೀಕ್ಷೆಯಲ್ಲಿ ಹತ್ತು ಮಾತ್ರ ಕಾದು ಕೂತಿದ್ದ ಮನೆಯವರ ರಕ್ತಕ್ಕೆ ಹೊಂದಿತು. ಹನ್ನೆರಡು ಯಾರಿಗೂ ಹೊಂದಲಿಲ್ಲ. ಅಂದರೆ ಎಂತ ಅರ್ಥ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲೋ ಕೆಲವರು, ನನ್ನ ಹಾಗೆಯೇ, ಕಣ್ಣಿನಲ್ಲಿ ನೀರು ತುಂಬಿಕೊಂಡು ಇದೇ ಎಂದು ಹೇಳಿ ಬೇರೆಯವರ ಮಗನನ್ನು ತೆಗೆದುಕೊಂಡು ಹೋಗಿದ್ದರು. ಉಮ್ಮ ಪೇಪರ್ ಓದುವವರಲ್ಲ, ಆದರೂ ಯಾರೋ ಹೇಳಿದ್ದಾರೆ. ಒಂದು ದಿನ ಅಸರ್ ನಮಾಜ್ ಮುಗಿಸಿ ಎದ್ದು ಕೇಳಿದರು, "ಮೋನೇ, ಅದು ಅವನೇ ಅಲ್ಲವಾ?" ಹೌದುಮ್ಮ ಎಂದೆ. ಉಮ್ಮ ತೀರಿಹೋಗಿ ನಾಲ್ಕು ವರ್ಷ ಆಯಿತು. ನಾನು ಯಾರನ್ನೂ ದೂರುತ್ತಿಲ್ಲ. ಎಲ್ಲರಿಗೂ ಅವಸರ ಇತ್ತು, ನಮಗೇ ಹೆಚ್ಚು ಇತ್ತು.

ಆದ್ದರಿಂದ ಆ ವಿದ್ಯಾರ್ಥಿಗೆ ನನ್ನ ಕೋರಿಕೆ. ಶವಾಗಾರದ ಕಡೆ ಗುಂಪು ಕಟ್ಟಿಕೊಂಡು ನಿಲ್ಲಿಸಬೇಡಿ. ಅಲ್ಲಿ ಇವತ್ತೂ ಯಾರದ್ದೋ ಮನೆಯವರು ಕೂತಿರುತ್ತಾರೆ. ಅವರ ಮುಂದೆ ನೀವು ಮೈಕ್ ಹಿಡಿದು ಹಳೆಯ ದುಃಖ ಹೇಳುವುದು ಸರಿ ಕಾಣುವುದಿಲ್ಲ. ಹೇಳಲೇಬೇಕಾದರೆ ಕೂಳೂರಿಗೆ ಕರೆದುಕೊಂಡು ಹೋಗಿ. ತಣ್ಣೀರುಬಾವಿ ರಸ್ತೆಯಲ್ಲಿ, ಫಲ್ಗುಣಿ ಹೊಳೆಯ ಬದಿಯಲ್ಲಿ, ಆ ಹನ್ನೆರಡು ಮಂದಿಯನ್ನು ಮಣ್ಣು ಮಾಡಿದ ಜಾಗ ಉಂಟು, ಸ್ಮಾರಕ ಉಂಟು. ಯಾರು ಹಿಂದು, ಯಾರು ಮುಸ್ಲಿಂ, ಯಾರು ಕ್ರಿಶ್ಚಿಯನ್ ಎಂದು ಹೇಳಲಿಕ್ಕಾಗದೆ ಒಟ್ಟಿಗೆ ಮಲಗಿದ್ದಾರೆ. ನಾನು ವರ್ಷವರ್ಷ ಮೇ 22ಕ್ಕೆ ಹೋಗುತ್ತೇನೆ. ಊರಿನ ಖಬರಸ್ತಾನಕ್ಕೂ ಹೋಗುತ್ತೇನೆ, ಅಲ್ಲಿಗೂ ಹೋಗುತ್ತೇನೆ. ಎರಡೂ ಕಡೆ ಫಾತಿಹಾ ಓದುತ್ತೇನೆ.

ಹಂಪನಕಟ್ಟೆ ಹುಡುಗ

ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ಸಿಸ್ಟರ್, ಕಾಸರಗೋಡಿನ ಅಣ್ಣ, ಕೆಂಜಾರಿನವರು, ನಿಮಗೆಲ್ಲ ನನ್ನ ನಮಸ್ಕಾರ. 1848ರ ತಪ್ಪನ್ನು ಈಗಲೇ ತಿದ್ದಿಕೊಂಡಿದ್ದೇನೆ. ನಾವು ಮೈಕ್ ಬಳಸುವುದಿಲ್ಲ, ಆದರೂ ಮೂವತ್ತು ಜನರ ಗುಂಪು ದೊಡ್ಡದೇ. ಸಿಸ್ಟರ್, ನೀವು ಗೇಟಿನಲ್ಲಿ ನಿಲ್ಲಿಸು ಎಂದಿರಿ, ಅಣ್ಣ ಬೇಡ ಎಂದರು. ಏನು ಮಾಡಲಿ?

ಜೆಪ್ಪು ಸಿಸ್ಟರ್

ತಮ್ಮಾ, ಅವರು ಹೇಳಿದ್ದು ಸರಿ. ನಾನು ಬರೆಯುವಾಗ ನನಗೆ ನನ್ನ ವೆನ್ಲಾಕ್ ಕಂಡಿತು. ಅಲ್ಲಿ ಕಾದು ಕೂತವರ ಕಣ್ಣಿನಿಂದ ನಾನು ನೋಡಲಿಲ್ಲ. ಕಾಸರಗೋಡಿನವರೇ, ನಿಮ್ಮ ಉಮ್ಮನಿಗೆ ನೀವು ಹೇಳಿದ ಉತ್ತರವೇ ಸರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಫಾತಿಹಾದ ಜೊತೆಗೆ ನನ್ನ ಪ್ರಾರ್ಥನೆಯೂ ಇರಲಿ.

ಹೀಗೆ ಮಾಡು. ಮಿಲಾಗ್ರಿಸಿನಿಂದ ಹೊರಡುವ ಮೊದಲು, ಚರ್ಚಿನ ಅಂಗಳದಲ್ಲೇ ವೆನ್ಲಾಕಿನ ವಿಷಯ ಎಲ್ಲ ಹೇಳಿ ಮುಗಿಸು. ಅಲ್ಲಿಂದ ಎಷ್ಟು ದೂರ, ನಾಲ್ಕು ಹೆಜ್ಜೆ. 1848, ಮದರಾಸು, ಹಳೆಯ ಜಿಲ್ಲೆ, ಪಾಠಕ್ಕೆ ಬರುವ ಮಕ್ಕಳು, ಆ ಶನಿವಾರ, ಮಂಚ ಬಿಟ್ಟುಕೊಟ್ಟ ಅಜ್ಜಿ. ಡಿಎನ್‌ಎಯ ಲೆಕ್ಕವನ್ನೂ ಹೇಳು, ಅದನ್ನು ಜನ ತಿಳಿಯಬೇಕು. ಇನ್ನೊಮ್ಮೆ ಎಲ್ಲಾದರೂ ಇಂಥದ್ದು ಆದರೆ, ಆಗದಿರಲಿ ದೇವರೇ, ಮನೆಯವರು ಎರಡು ದಿನ ಹೆಚ್ಚು ಕಾಯಲಿ, ಅಪ್ಪ ಅಮ್ಮನ ರಕ್ತ ಕೊಡಲಿ, ಬೆಲ್ಟು ಉಂಗುರ ನೋಡಿ ಸಹಿ ಹಾಕದಿರಲಿ. ಆಮೇಲೆ ಗೇಟಿನ ಎದುರು ನಿಲ್ಲದೆ, ಆಚೆ ಬದಿಯ ಫುಟ್‌ಪಾತಿನಲ್ಲಿ ನಡೆದುಕೊಂಡು ದಾಟಿ. ಫೋಟೋ ಬೇಡ. ಆ ಹೊತ್ತಿನಲ್ಲಿ ನೈಟ್ ಡ್ಯೂಟಿಯ ಹುಡುಗಿಯರು ಬಸ್ಸಿಗೆ ಹೋಗುತ್ತಿರುತ್ತಾರೆ, ಕಣ್ಣು ಕೆಂಪಾಗಿರುತ್ತದೆ. ದಾರಿ ಬಿಡಿ.

ನಿಮ್ಮ ನಡಿಗೆ ಬಾಸೆಲ್ ಮಿಷನ್ ಎಂದು ಬಲ್ಮಠದಲ್ಲೇ ಮುಗಿಯುತ್ತದಲ್ಲ, ಒಂದು ಸಲ ಜೆಪ್ಪುವಿಗೂ ಬನ್ನಿ. ಅಜ್ಜನ ಕಾಲದ ನಾಲ್ಕು ಹಂಚು ನಮ್ಮ ಮನೆಯ ಹಿಂದಿನ ಮಾಡಿನಲ್ಲಿ ಇನ್ನೂ ಉಂಟು, ಅಡಿಯಲ್ಲಿ ಅಚ್ಚು ಒತ್ತಿದ ಅಕ್ಷರ ಕಾಣುತ್ತದೆ. ಏಣಿ ನಾನು ಹಿಡಿಯುತ್ತೇನೆ, ಹತ್ತಿ ನೋಡಬಹುದು. ಮೇ 22ಕ್ಕೆ ಕೂಳೂರಿಗೆ ನಾನೂ ಬರುತ್ತೇನೆ. ಕಾಸರಗೋಡಿನವರು ಎಷ್ಟು ಗಂಟೆಗೆ ಬರುತ್ತಾರೆ ಎಂದು ತಿಳಿಸಿದರೆ ಒಳ್ಳೆಯದು.

ಚಂದ್ರಗಿರಿ ದಾಟಿ

ಬೆಳಿಗ್ಗಿನ ರೈಲಿಗೆ ಬರುತ್ತೇನೆ ಸಿಸ್ಟರ್. ಒಂಬತ್ತೂವರೆಗೆ ಅಲ್ಲಿರುತ್ತೇನೆ.